ಗಣಿ ಮುಚ್ಚಿದ ಊರಿಗೆ ನೆಂಟರನ್ನು ಕರೆಯುವ ಬಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಲಾರ ಚಿನ್ನದ ಗಣಿ ಪ್ರದೇಶದಿಂದ, ಅಂದರೆ ಎಲ್ಲರೂ ಕೆಜಿಎಫ್ ಎಂದೇ ಕರೆಯುವ ಊರಿನಿಂದ, ಇಲ್ಲವೇ ಆ ಊರನ್ನು ಕುರಿತು ಬಂದಿವೆ. ಕೇಳಿದವರು ಬೇರೆಬೇರೆ ಮಂದಿಯಾದರೂ ಎಲ್ಲರ ಕೊರಗೂ ಒಂದೇ: ದುಡಿಮೆ ಕಳೆದುಕೊಂಡ ಊರನ್ನು ಅಲ್ಲಿಯವರೇ ಹೊರಗಿನವರಿಗೆ ಪರಿಚಯಿಸುವುದು ಹೇಗೆ? ಆದ್ದರಿಂದ ಇಡೀ ಅಂಕಣವನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳಾದ ನಾವು ಹತ್ತು ಹನ್ನೆರಡು ಮಂದಿ ಸೇರಿ ತಿಂಗಳಿಗೊಂದು ಭಾನುವಾರ ಹೊರಗಿನವರಿಗೆ ಊರು ತೋರಿಸಲು ಹೊರಟಿದ್ದೇವೆ. ಬರುವವರಲ್ಲಿ ಬಹುಪಾಲು ಜನ ಸಿನಿಮಾ ನೋಡಿ ಬಂದವರು. ಗಣಿಯೊಳಗೆ ಇಳಿಸಿ ಎನ್ನುತ್ತಾರೆ. ಆಗದು ಎಂದರೆ ಮುಖ ಸಣ್ಣದು ಮಾಡಿಕೊಂಡು ಹೊರಡುತ್ತಾರೆ. ತೋರಿಸಲು ನಮ್ಮಲ್ಲಿ ಏನಿದೆ?
— ರಾಬರ್ಟ್‌ಸನ್‌ಪೇಟೆಯ ಯುವಕರ ಗುಂಪು

ಉತ್ತರ: ಮೊದಲು ಆ ನಿರಾಸೆಯ ಮಾತನ್ನೇ ಮುಗಿಸಿಬಿಡೋಣ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ನೀರೆತ್ತುವ ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಒಂದು ಕಾಲಕ್ಕೆ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರು ಇಳಿದು ಹತ್ತುತ್ತಿದ್ದ ಜಾಗಕ್ಕೆ ಇಂದು ಯಾರೂ ಇಳಿಯುವಂತಿಲ್ಲ. ಈ ಸಂಗತಿಯನ್ನು ನೀವು ಕೊನೆಯಲ್ಲಿ, ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನ ಬೇಲಿಯ ಮುಂದೆ ನಿಂತು ಹೇಳುತ್ತಿರುವುದರಿಂದಲೇ ಅದು ಮೋಸದಂತೆ ಕಾಣುತ್ತಿದೆ. ಕರೆಯೋಲೆಯ ಮೊದಲ ಸಾಲಿನಲ್ಲೇ ಬರೆಯಿರಿ: ‘ಗಣಿಯೊಳಗೆ ಹೋಗುವುದಿಲ್ಲ, ಗಣಿ ಕಟ್ಟಿದ ಊರಿನಲ್ಲಿ ನಡೆಯುತ್ತೇವೆ.’ ಇಷ್ಟು ಓದಿದ ಮೇಲೂ ಬಂದವರು ನಿಮ್ಮ ನಿಜವಾದ ಅತಿಥಿಗಳು. ಉಳಿದವರು ಬಾರದಿದ್ದರೆ ನಷ್ಟವಿಲ್ಲ.

ತೋರಿಸಲು ಏನಿದೆ ಎಂದು ಕೇಳಿದ್ದೀರಿ. ಅಲ್ಲೇ ಹುಟ್ಟಿ ಬೆಳೆದವರಿಗೆ ಹಿತ್ತಲ ಗಿಡ ಮದ್ದಾಗಿ ತೋರುವುದಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ತಂತಿಯ ಮೇಲೆ ತೊಂಬತ್ತಕ್ಕೂ ಹೆಚ್ಚು ಮೈಲಿಯ ದಾರಿ ಸವೆಸಿ ಮೊದಲು ಬಂದು ತಲುಪಿದ್ದು ನಿಮ್ಮ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಬೆಂಗಳೂರಿನಿಂದ ಬಂದ ಅತಿಥಿಗಳಿಗೆ ಇದನ್ನು ಹೇಳಿ ಒಂದು ಕ್ಷಣ ಸುಮ್ಮನಿದ್ದು ನೋಡಿ, ಅವರ ಮುಖವೇ ಬೇರೆಯಾಗುತ್ತದೆ. 1965ರಲ್ಲಿ ಚಾಂಪಿಯನ್‌ರೀಫ್ಸ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದೇ ಕೆಲಸ ನಡೆದಿತ್ತು. ಬೇರೆ ಕಿರಣಗಳೆಲ್ಲ ಬಂಡೆಯಲ್ಲೇ ಸೋಸಿ ಹೋಗಿ, ಯಾವುದಕ್ಕೂ ತಡೆಯದ ಈ ಕಣಗಳಷ್ಟೇ ಉಳಿಯಲೆಂದು ಅವರಿಗೆ ಅಷ್ಟು ಆಳ ಬೇಕಾಗಿತ್ತು. ಶಾಲಾ ಮಕ್ಕಳನ್ನು ಕರೆತರುವ ಶಿಕ್ಷಕರಿಗೆ ಇದೊಂದೇ ಸಾಕು.

ಆದರೆ ಜಾನ್ ಟೇಲರ್ ಕಂಪನಿ ಬಂದ 1880ರ ಕಥೆ, ಬ್ರಿಟಿಷರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಇಷ್ಟನ್ನೇ ಹೇಳಿ ‘ಪುಟ್ಟ ಇಂಗ್ಲೆಂಡ್’ ಎಂದು ಮಾತು ಮುಗಿಸುವವರನ್ನು ಕಂಡರೆ ನನಗೆ ಅಸಹನೆಯಾಗುತ್ತದೆ. ಆ ಬಂಗಲೆಗಳಲ್ಲಿ ಇದ್ದವರು ಬೆರಳೆಣಿಕೆಯ ಮಂದಿ. ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದು ‘ಲೈನ್’ ಎಂದು ಕರೆಯುವ ಕಾರ್ಮಿಕರ ಸಾಲುಮನೆಗಳಲ್ಲಿ ಬದುಕಿದವರು ಸಾವಿರಾರು ಮಂದಿ, ಅವರಲ್ಲಿ ಬಹುಪಾಲು ದಲಿತರು. 1930ರಲ್ಲಿ, ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ, ನಮ್ಮನ್ನು ಕಳ್ಳರಂತೆ ಕಾಣುತ್ತೀರಾ ಎಂದು ಕೆಲಸ ನಿಲ್ಲಿಸಿ ಕುಳಿತವರು ಅವರೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ, ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಮಾತಿಗೆ ಓಗೊಟ್ಟು, ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದವರೂ ಅವರೇ. ಈ ಸಂಗತಿಗಳನ್ನು ಊರಿನ ಪರಿಚಯದ ನಡುಮನೆಯಲ್ಲಿ ಕೂರಿಸಬೇಕು, ಅಂಚಿಗೆ ತಳ್ಳಬಾರದು.

ಇನ್ನೊಂದು ಮಾತು. ನಿಮ್ಮ ನಡಿಗೆಯನ್ನು ಮುನ್ನಡೆಸುವವರು ನೀವಾಗಿರಬೇಡಿ, ನಿಮ್ಮ ಅಪ್ಪಂದಿರೂ ತಾತಂದಿರೂ ಆಗಿರಲಿ. ಕೆಲವು ವರ್ಷಗಳ ಹಿಂದೆ ಚಾಂಪಿಯನ್‌ರೀಫ್ಸ್‌ನಲ್ಲಿ ನಿವೃತ್ತ ಕಾರ್ಮಿಕರೊಬ್ಬರ ಮನೆಯಲ್ಲಿ ಕುಳಿತಿದ್ದೆ. ಕೆಳಗೆ ರಾಕ್‌ಬರ್ಸ್ಟ್ ಆದಾಗ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದಾಗ, ಹೇಗಿರುತ್ತಿತ್ತು ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ; ಎದ್ದು ಹೋಗಿ, ಗೋಡೆಯ ಹಲಗೆಯ ಮೇಲೆ ಬೋರಲು ಹಾಕಿದ್ದ ಸ್ಟೀಲ್ ಲೋಟಗಳ ಸಾಲಿಗೆ ಅಂಗೈ ತಾಗಿಸಿ ಮೆಲ್ಲಗೆ ನಡುಗಿಸಿದರು. ಗಲಗಲ ಎಂಬ ಸಣ್ಣ ಸದ್ದು ಬಂತು. ‘ಈ ಸದ್ದು ಕೇಳಿದ ಕೂಡಲೇ ಹೆಂಗಸರೆಲ್ಲ ಒಲೆ ಆರಿಸಿ ಶಾಫ್ಟಿನ ಕಡೆ ಓಡುತ್ತಿದ್ದರು ಸಾರ್’ ಎಂದರು. ಯಾವ ಮಾಹಿತಿ ಫಲಕವೂ ಆ ಗಲಗಲವನ್ನು ಹೇಳಲಾರದು. ಬ್ರಿಟನ್ನಿನ ವೇಲ್ಸ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ, 1983ರಲ್ಲಿ ನೋಡುಗರಿಗೆ ತೆರೆಯಿತು. ಅಲ್ಲಿ ಜನರನ್ನು 90 ಮೀಟರು ಕೆಳಗೆ ಕರೆದೊಯ್ಯುವ ಕೆಲಸವನ್ನು ಹಳೆಯ ಗಣಿ ಕಾರ್ಮಿಕರಿಗೇ ವಹಿಸಿದರು. ಇಳಿಯುವ ಮುನ್ನ ಕೈಗಡಿಯಾರ, ಬೆಂಕಿಪೊಟ್ಟಣ, ಮೊಬೈಲು ಎಲ್ಲವನ್ನೂ ತೆಗೆದಿಡಿಸುತ್ತಾರೆ, ಕಿಡಿಯ ಭಯಕ್ಕೆ. ತಲೆಗೆ ದೀಪದ ಟೊಪ್ಪಿಗೆ ಕೊಡುತ್ತಾರೆ. ನಿಮ್ಮಲ್ಲಿ ಇಳಿಯುವ ಭಾಗವಿಲ್ಲ, ಆದರೆ ಹೇಳುವ ಮನುಷ್ಯರು ಇನ್ನೂ ಇದ್ದಾರೆ. 2001ರಲ್ಲಿ ನಲವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಅವರಲ್ಲಿ ಎದೆಯ ತುಂಬ ಗಣಿ ಧೂಳು ಹೊತ್ತವರೂ ಇದ್ದಾರೆ. ಆದ್ದರಿಂದ ಬೇಗ ಮಾಡಿ, ನಡಿಗೆಯ ದಾರಿಯನ್ನು ಗಿಡ್ಡ ಮಾಡಿ, ನಡುನಡುವೆ ಕೂರಲು ಜಾಗ ನೋಡಿಕೊಳ್ಳಿ. ಅವರಿಗೆ ಕೈತುಂಬ ಸಂಭಾವನೆ ಕೊಡಿ. ಹಾರ ಹಾಕಿ ಶಾಲು ಹೊದಿಸಿ ಕಳುಹಿಸುವ ಚಾಳಿ ಬೇಡ.

ಪ್ರಶ್ನೆ: ಊರಿನ ಸುತ್ತಲಿನ ಸೈನೈಡ್ ಗುಡ್ಡಗಳನ್ನು ಬಂದವರಿಗೆ ತೋರಿಸಬೇಕೋ ಮುಚ್ಚಿಡಬೇಕೋ ಎಂದು ನಮ್ಮಲ್ಲೇ ಜಗಳ ನಡೆದಿದೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ, ತೋರಿಸೋಣ ಎನ್ನುತ್ತಾರೆ ಕೆಲವರು. ಊರಿನ ಮಾನ ಹೋಗುತ್ತದೆ ಎನ್ನುತ್ತಾರೆ ಇನ್ನು ಕೆಲವರು.
— ಬೆಮಲ್ ನಗರದ ಓದುಗರು

ಉತ್ತರ: ಮೂರು ಕೋಟಿ ಟನ್ನಿಗೂ ಮೀರಿದ ಪುಡಿಮಣ್ಣನ್ನು ಮುಚ್ಚಿಡಲು ಸೆರಗು ಎಲ್ಲಿಂದ ತರುತ್ತೀರಿ? ರೈಲು ಇಳಿದವರಿಗೆ ಮೊದಲು ಕಾಣುವುದೇ ಅವು. ಆದ್ದರಿಂದ ಅವನ್ನು ತೋರಿಸುತ್ತ ವಿವರಿಸುವುದೇ ದಾರಿ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಚರಟ ಅದು ಎಂದು ಹೇಳಿ. ಆಷಾಢದ ಗಾಳಿಗೆ ಅದು ಎದ್ದು ಮನೆಯೊಳಗೆ, ಬಾವಿಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತದೆ ಎಂಬುದನ್ನೂ ಹೇಳಿ. ಆ ಮಣ್ಣಿನಲ್ಲಿ ಉಳಿದಿರುವ ಚಿನ್ನಕ್ಕಾಗಿ 13 ಗುಡ್ಡಗಳನ್ನು ಮತ್ತೆ ಕೆದಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿರುವುದರಿಂದ ಈ ಮಾತು ಈಗ ಇನ್ನಷ್ಟು ಪ್ರಸ್ತುತ. ಆದರೆ ಯಾರನ್ನೂ ಗುಡ್ಡ ಹತ್ತಿಸಬೇಡಿ. ಮಳೆಗೆ ಕೊರೆದು ಬಿದ್ದ ಕೊರಕಲುಗಳು ಫೋಟೋದಲ್ಲಿ ಎಷ್ಟು ಸೊಗಸೋ ಕಾಲಿಗೆ ಅಷ್ಟೇ ಅಪಾಯ. ಮಕ್ಕಳಿದ್ದರಂತೂ ದೂರದಿಂದಲೇ ನಮಸ್ಕಾರ. ಗಣಿ ಕಂಪನಿಗೆ ಸೇರಿದ ಜಮೀನಿಗೆ ಅನುಮತಿ ಪತ್ರವಿಲ್ಲದೆ ಕಾಲಿಡದಿರುವುದೂ ಈ ಎಚ್ಚರಿಕೆಯ ಭಾಗವೇ.

ಮಾನದ ಮಾತು ಎತ್ತಿದ ಹಿರಿಯರಿಗೆ ಇಷ್ಟು ತಿಳಿಸಿ: ಬಂದವನು ತಾನೇ ಕಂಡುಹಿಡಿದ ಕೊರತೆಯನ್ನು ನಾಲ್ಕು ಜನಕ್ಕೆ ಹೇಳುತ್ತಾನೆ, ನೀವೇ ಹೇಳಿದ ಕೊರತೆಯನ್ನು ಸಹಿಸಿಕೊಳ್ಳುತ್ತಾನೆ.

ಪ್ರಶ್ನೆ: ನನ್ನ ತಂದೆ ಗಣಿಯಲ್ಲಿದ್ದವರು, ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಕೆಜಿಎಫ್‌ಗೆ ವಾಪಸು ಹೋಗಿ ನೆಲೆಸೋಣ, ಸ್ನೇಹಿತರನ್ನೂ ಕರೆಯೋಣ ಎನ್ನಿಸುತ್ತದೆ. ಊರಿನವರೇ ‘ಇಲ್ಲಿ ಏನಿದೆ ಅಂತ ಬರ್ತೀಯಪ್ಪಾ’ ಎನ್ನುತ್ತಾರೆ. ಏನು ಮಾಡಲಿ?
— ಕೃಷ್ಣರಾಜಪುರದ ಓದುಗರು

ಉತ್ತರ: ನಿಮ್ಮ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಭಾನುವಾರ ಬಂದು ಸಂಜೆ ಹೋಗುವವನು ಊರಿನಲ್ಲಿ ಎರಡು ಕಾಫಿ, ಒಂದು ಊಟದ ದುಡ್ಡು ಬಿಡುತ್ತಾನೆ. ನೆಲೆಸಲು ಬಂದವನು ಬಾಡಿಗೆ ಕೊಡುತ್ತಾನೆ, ದಿನಸಿ ಕೊಳ್ಳುತ್ತಾನೆ, ಮಗುವನ್ನು ಶಾಲೆಗೆ ಸೇರಿಸುತ್ತಾನೆ, ಚರಂಡಿ ಕಟ್ಟಿಕೊಂಡರೆ ನಗರಸಭೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಕೆಜಿಎಫ್‌ಗೆ ನೋಡುಗರಿಗಿಂತ ಇಂಥವರು ಬೇಕು. ಜಪಾನಿನ ಯೂಬರಿ ಎಂಬ ಕಲ್ಲಿದ್ದಲು ಊರು ಗಣಿಗಳು ಮುಚ್ಚಿದಾಗ ಸಾಲ ಮಾಡಿ ಮನರಂಜನಾ ಉದ್ಯಾನ, ಗಣಿ ವಸ್ತುಸಂಗ್ರಹಾಲಯ, ಹೋಟೆಲುಗಳನ್ನು ಕಟ್ಟಿತು. ಪ್ರವಾಸಿಗರು ನಿರೀಕ್ಷಿಸಿದಷ್ಟು ಬರಲಿಲ್ಲ. ಒಂದು ಕಾಲಕ್ಕೆ ಲಕ್ಷ ಮೀರಿದ್ದ ಜನಸಂಖ್ಯೆ ಇಂದು ಹತ್ತು ಸಾವಿರಕ್ಕಿಂತ ಕೆಳಗಿಳಿದಿದೆ. 2007ರ ಹೊತ್ತಿಗೆ ಊರಿನ ಆಡಳಿತವೇ 3,500 ಕೋಟಿ ಯೆನ್ನಿಗೂ ಹೆಚ್ಚಿನ ಸಾಲದಲ್ಲಿ ದಿವಾಳಿಯಾಗಿತ್ತು. ಪ್ರವಾಸೋದ್ಯಮದ ದೊಡ್ಡ ಯೋಜನೆ ಹಿಡಿದು ಬರುವವರೆಲ್ಲರಿಗೂ ನಾನು ಈ ಊರಿನ ಹೆಸರು ಹೇಳುತ್ತಿರುತ್ತೇನೆ. ಅವರಿಗೆ ಅದು ಹಿಡಿಸುವುದಿಲ್ಲ.

ಇನ್ನು ನಿಮ್ಮ ವಿಚಾರ. ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳೇ ಈ ಊರಿನ ಉಸಿರು. ನಸುಕಿನ ರೈಲಿನಲ್ಲಿ ಒಮ್ಮೆ ನೀವೇ ಹೋಗಿ ನೋಡಿ: ಕಿಟಕಿಗೆ ತಲೆ ಆನಿಸಿ ಮಲಗಿದವರು, ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟು ಹೂ ಕಟ್ಟುವವರು, ಎದುರುಬದುರು ಕೂತು ಮಂಡಿಯ ಮೇಲೆ ಟವೆಲು ಹಾಸಿ ಇಸ್ಪೀಟು ಹಾಕುವವರು. ಗಣಿ ಮುಚ್ಚಿದ ಮೇಲೆ ಊರನ್ನು ಖಾಲಿಯಾಗಲು ಬಿಡದೆ ಹಿಡಿದಿಟ್ಟವರು ಇವರೇ, ಆದರೆ ಅದಕ್ಕಾಗಿ ಹಗಲಿನ ನಾಲ್ಕೈದು ಗಂಟೆಗಳನ್ನು ಹಳಿಯ ಮೇಲೆ ಕಳೆಯುತ್ತಾರೆ. ವಾರಕ್ಕೆ ಆರು ದಿನ ಆಫೀಸಿಗೆ ಹೋಗಲೇಬೇಕಾದ ಕೆಲಸ ನಿಮ್ಮದಾದರೆ ಇದು ಹಗುರದ ಮಾತಲ್ಲ. ಎರಡು ಮೂರು ದಿನ ಸಾಕು ಎನ್ನುವ ಕೆಲಸವಾದರೆ ಲೆಕ್ಕ ಬೇರೆಯಾಗುತ್ತದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಈಗ ತಾಲ್ಲೂಕಿನ ಮೂಲಕವೇ ಹಾಯುವುದರಿಂದ ಕಾರು ಇದ್ದವರಿಗೆ ದಾರಿ ಸಲೀಸಾಗಿದೆ. ಆದರೆ ಈ ಊರಿನ ಹೆಚ್ಚಿನವರ ಪ್ರಯಾಣ ಕಾರಿನಲ್ಲಲ್ಲ.

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮನೆ ನೋಡುವ ಮೊದಲು ಆ ಬೀದಿಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ತೆರಬೇಕು ಎಂದು ನೆರೆಯ ಎರಡು ಮನೆಗಳಲ್ಲಿ ಕೇಳಿ. ಹಿಂದೆ ಪಾಲಾರಿನ ಬೇತಮಂಗಲ ಕೆರೆಯಿಂದ ನೀರು ತಂದು ಊರಿಗೆ ಕುಡಿಸುತ್ತಿದ್ದ ಕಾಲದ ನೆನಪಿನ ಮೇಲೆ ಮನೆ ಮಾಡಬೇಡಿ. ಮನೆ ಕೊಳ್ಳುವುದಾದರೆ ಆ ನೆಲ ಗಣಿ ಕಂಪನಿಯದೋ ನಗರಸಭೆಯ ಖಾತೆಯದೋ ಎಂದು ದಾಖಲೆ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ಮೊದಲ ಒಂದು ವರ್ಷ ಬಾಡಿಗೆಗೆ ಇದ್ದು ನೋಡುವುದು ಜಾಣತನ. ಸ್ನೇಹಿತರನ್ನು ಆಮೇಲೆ ಕರೆಯಿರಿ. ಒಂದು ಆಷಾಢ, ಒಂದು ಬೇಸಿಗೆ ಕಳೆದವರ ಮಾತಿಗೇ ಬೆಲೆ.

‘ಇಲ್ಲಿ ಏನಿದೆ’ ಎನ್ನುವ ಊರಿನವರ ಮೇಲೆ ಮುನಿಯಬೇಡಿ. ಗಣಿಯ ಜೊತೆಗೇ ಕೆಲಸ, ಆಸ್ಪತ್ರೆ, ಹೊತ್ತು ತಿಳಿಸುತ್ತಿದ್ದ ಸೈರನ್ನು ಎಲ್ಲವೂ ನಿಂತುಹೋದದ್ದನ್ನು ಕಂಡವರು ಅವರು. ಊರನ್ನು ಹೊಗಳಿದರೆ ತಮ್ಮ ಪರಿಹಾರದ ಬಾಕಿ, ಮನೆಯ ಹಕ್ಕು ಇವೆಲ್ಲ ಮರೆತುಹೋದಂತಾದೀತು ಎಂಬ ಅಳುಕೂ ಅವರಿಗಿದೆ. ಊರಿನ ಪ್ರಚಾರ ಮಾಡುವವರು ಈ ಅಳುಕನ್ನು ಕಡೆಗಣಿಸಿದ್ದರಿಂದಲೇ ಎಷ್ಟೋ ಪ್ರಯತ್ನಗಳು ಊರಿನೊಳಗೇ ಸೋಲುತ್ತವೆ.

ಪ್ರಶ್ನೆ: ನಮ್ಮ ಲೈನಿಗೆ ಬರುವವರು ಮನೆ ಬಾಗಿಲಿನೊಳಗೆ ಕ್ಯಾಮೆರಾ ತೂರಿಸುತ್ತಾರೆ. ನಮ್ಮ ಬಡತನ ಇವರಿಗೆ ಪ್ರದರ್ಶನವೇ?
— ಚಾಂಪಿಯನ್‌ರೀಫ್ಸ್‌ನ ನಿವೃತ್ತ ಕಾರ್ಮಿಕರ ಪತ್ನಿ

ಉತ್ತರ: ಅಮ್ಮಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಹತ್ತಡಿಯ ಮನೆಯಲ್ಲಿ ಬಾಗಿಲೇ ಪಡಸಾಲೆ; ಅದನ್ನು ತೆರೆದಿಟ್ಟಿದ್ದೀರಿ ಎಂದರೆ ಗಾಳಿಗಾಗಿಯೇ ಹೊರತು ನೋಡುಗರಿಗಾಗಿ ಅಲ್ಲ. ನಡಿಗೆ ನಡೆಸುವವರು ಯಾವ ಲೈನಿಗೆ ಹೋಗಬೇಕಾದರೂ ಅಲ್ಲಿನ ಹೆಂಗಸರನ್ನು ಮುಂಚಿತವಾಗಿ ಕೇಳಿ, ಯಾವ ಹೊತ್ತು, ಎಷ್ಟು ಜನ, ಫೋಟೋ ಇದೆಯೋ ಇಲ್ಲವೋ ಎಂದು ನಿಶ್ಚಯಿಸಿಕೊಳ್ಳಬೇಕು. ಬೇಡ ಎಂದ ಲೈನನ್ನು ಬಿಡಬೇಕು. ಅತಿಥಿಗಳಿಗೆ ಊಟ ಬೇಕಾದರೆ ಅದನ್ನು ಹೊರಗಿನ ಹೋಟೆಲಿನಿಂದ ತರಿಸದೆ ಒಪ್ಪಿದ ಮನೆಗಳಿಂದಲೇ, ನೀವು ಹೇಳಿದ ಬೆಲೆಗೆ ತರಿಸಬೇಕು. ರಾಬರ್ಟ್‌ಸನ್‌ಪೇಟೆಯ ಯುವಕರು ಈ ಉತ್ತರವನ್ನೂ ಓದುತ್ತಾರೆಂದು ನಂಬಿದ್ದೇನೆ.

ಪ್ರಶ್ನೆ: ಪರಿಚಯ ಫಲಕಗಳು ಕನ್ನಡದಲ್ಲಿರಬೇಕೋ ತಮಿಳಿನಲ್ಲೋ? ಇದೇ ದೊಡ್ಡ ವಿವಾದವಾಗಿದೆ.
— ಆಂಡರ್‌ಸನ್‌ಪೇಟೆಯ ಶಿಕ್ಷಕಿ

ಉತ್ತರ: ಫಲಕ ಕನ್ನಡದಲ್ಲಿರಲಿ, ಅದರಲ್ಲಿ ಅನುಮಾನವಿಲ್ಲ, ಬಾಯಿಮಾತು ಹೇಳುವವರಿಗೆ ಒಲಿದ ಭಾಷೆಯಲ್ಲಿರಲಿ. ತಮಿಳಿನಲ್ಲಿ ಹೇಳುವ ಅಜ್ಜನ ಪಕ್ಕದಲ್ಲಿ ನಿಂತು ಕನ್ನಡಕ್ಕೆ ತರುವ ಮೊಮ್ಮಗಳು ನಿಮ್ಮ ಶಾಲೆಯಲ್ಲೇ ಸಿಗುತ್ತಾಳೆ. ಅವಳ ಕನ್ನಡದಲ್ಲಿ ನಡುನಡುವೆ ತೆಲುಗೂ ಇಣುಕಿದರೆ ತಿದ್ದಲು ಹೋಗಬೇಡಿ, ಆ ಊರಿನ ಮಾತೇ ಹಾಗೆ.

ಪ್ರಶ್ನೆ: ನಮ್ಮ ಭದ್ರಾವತಿಗೂ ಇದು ಸಲ್ಲುತ್ತದೆಯೇ? ಕಾಗದದ ಕಾರ್ಖಾನೆ ನಿಂತಿದೆ, ಉಕ್ಕಿನ ಕಾರ್ಖಾನೆ ಕುಂಟುತ್ತಿದೆ.
— ಭದ್ರಾವತಿಯ ಓದುಗರು

ಉತ್ತರ: ಅರ್ಧ ಸಲ್ಲುತ್ತದೆ. ಕಾರ್ಖಾನೆ ಪೂರ್ತಿ ಮುಚ್ಚದ ಊರಿನಲ್ಲಿ ಜನ ಇನ್ನೂ ಉಳಿಸಿಕೊಳ್ಳುವ ಹೋರಾಟದಲ್ಲಿರುತ್ತಾರೆ. ಆಗ ಅದನ್ನು ಗತವೈಭವವೆಂದು ತೋರಿಸಹೊರಟರೆ ಬದುಕಿರುವವರಿಗೆ ತಿಥಿ ಮಾಡಿದಂತೆ. ನಿಮ್ಮಲ್ಲಿ ಭದ್ರಾ ನದಿ ಇದೆ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದೆ. ಸದ್ಯ ಅತಿಥಿಗಳನ್ನು ಅವುಗಳ ಕಡೆಗೆ ಕರೆಯಿರಿ.

ಪ್ರಶ್ನೆ: ಕೆಜಿಎಫ್ ಪರಿಚಯದ ಕರಪತ್ರಕ್ಕೆ ಒಂದು ಒಳ್ಳೆಯ ಘೋಷವಾಕ್ಯ ಸೂಚಿಸುವಿರಾ?
— ಉರಿಗಾಂನ ಓದುಗರು

ಉತ್ತರ: ಸೂಚಿಸಲಾರೆ, ಕ್ಷಮಿಸಿ. ಚಿನ್ನ, ಹೊನ್ನು, ಬಂಗಾರ ಎಂಬ ಪದಗಳನ್ನು ಹೇಗೆ ತಿರುಚಿದರೂ ಅದು ಒಡವೆ ಅಂಗಡಿಯ ಜಾಹೀರಾತಿನಂತೆಯೇ ಕೇಳಿಸುತ್ತದೆ. ಆ ಜಾಗದಲ್ಲಿ ಬೇರೊಂದನ್ನು ಅಚ್ಚುಮಾಡಿ. ಹೊಸಬರಲ್ಲಿ ಅರ್ಧದಷ್ಟು ಮಂದಿ ಕೆಜಿಎಫ್ ಎಂದರೆ ಕೋಲಾರ ಪಟ್ಟಣವೇ ಎಂದುಕೊಂಡು, ಮೂವತ್ತು ಕಿಲೋಮೀಟರು ಆಚೆ ಬಸ್ಸಿಳಿದು ದಾರಿ ಕೇಳುತ್ತಾರೆ. ರೈಲಿನಲ್ಲಿ ಬರುವವರು ಕೆಜಿಎಫ್ ಎಂಬ ನಿಲ್ದಾಣ ಹುಡುಕಿ ಸೋಲುತ್ತಾರೆ. ಆದ್ದರಿಂದ ಕರಪತ್ರದ ಮುಂಭಾಗದಲ್ಲಿ, ಬಂಗಾರಪೇಟೆ ದಾಟಿದ ಮೇಲೆ ಸಿಗುವ ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳನ್ನು ಸಾಲಾಗಿ ಬರೆದು, ಯಾವುದನ್ನು ನೋಡಲು ಎಲ್ಲಿ ಇಳಿಯಬೇಕೆಂದು ತಿಳಿಸಿ. ಹಿಂಭಾಗದಲ್ಲಿ ಬೆಂಗಳೂರಿಗೆ ಹಿಂದಿರುಗುವ ಕೊನೆಯ ರೈಲಿನ ಸಮಯವನ್ನು ದಪ್ಪ ಅಕ್ಷರಗಳಲ್ಲಿ ಹಾಕಿಸಿ. ಅದು ತಪ್ಪಿದವರಿಗೆ ರಾತ್ರಿ ಉಳಿಯಲು ಯಾರ ಮನೆಯಲ್ಲಿ ಒಂದು ಕೋಣೆ ಸಿಗುತ್ತದೆ ಎಂಬುದನ್ನು ಅದರ ಕೆಳಗೆ ಬರೆಯಲು ಒಂದು ಸಾಲು ಖಾಲಿ ಬಿಡಿ.